ನಾಲ್ಕನೇ ಮೂತಿ

13 ಜೂನ್ 2025, ಶುಕ್ರವಾರ

ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಹತ್ತೊಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಮಾಡಿದ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ, ಹೊಸದಾಗಿ ಸೇರಲು ಬಂದ ಮಕ್ಕಳ ನಡುವೆ ನಿಂತು ಎರಡು ಸಲ ಓದಿದೆ. ಒಬ್ಬ ಹುಡುಗಿ, "ಮೇಡಂ, ನೀವೂ ಅಡ್ಮಿಷನ್ನಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಳು. ಪ್ರಿನ್ಸಿಪಾಲರು ಹೊಸ ನಿಯಮ ಬಂದಿದೆ, ನನ್ನ ಕೈಯಲ್ಲೇನಿದೆ ಎಂದರು. ಅವರ ಕೈಯಲ್ಲಿ ಟೀ ಲೋಟ ಇತ್ತು. ನನಗೆ ತರಿಸಲಿಲ್ಲ.

ಸ್ಟಾಫ್ ರೂಮಿನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದೆ. ಇಡಲು ಜಾಗವಿಲ್ಲ. ತಮ್ಮ ಖಲೀಲ ಹೊಗೆಸೊಪ್ಪು ತುಂಬುವ ಗೋಣಿಚೀಲಗಳನ್ನು ತಂದುಕೊಟ್ಟ. ಹನ್ನೊಂದು ಚೀಲ ಕವಿತೆ. ಅವನ ಹೆಂಡತಿ ಅಫ್ರೀನ್ ಚೀಲಗಳನ್ನು ಮಹಡಿಗೆ ಸಾಗಿಸಲು ಕೈಹಾಕಿ, "ಆಪಾ, ಇದೆಲ್ಲ ಓದಿ ಆಗಿದೆ ತಾನೇ? ಮತ್ತೆ ಯಾಕೆ ಇಟ್ಕೋಬೇಕು?" ಎಂದಳು. ವ್ಯಂಗ್ಯವಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದಳು.

ಮಹಡಿಯಲ್ಲಿ ನನ್ನ ಕೋಣೆ ಎಂದರೆ ನೀರಿನ ಟ್ಯಾಂಕಿನ ಪಕ್ಕದ ಶೀಟಿನ ಗೂಡು. ಕೆಳಗೆ ನಮ್ಮ ಕಾರು ರಿಪೇರಿ ಶೆಡ್ಡಿನ ಮುಂದೆ ಅಬ್ಬಾನ ಆಫೀಸು ರೂಮು ಇದೆ. ರಸ್ತೆಗೆ ಕಿಟಕಿ, ಬೇವಿನ ಮರದ ಗಾಳಿ. ಅಬ್ಬಾ ಹೋದ ನಾಲ್ಕು ವರ್ಷದಿಂದ ಅದರಲ್ಲಿ ಹಳೆಯ ಬಂಪರುಗಳು ವಾಸವಾಗಿವೆ.

ಈ ನೋಟುಬುಕ್ಕು ಈ ವರ್ಷದ ಪಾಠದ ಟಿಪ್ಪಣಿಗೆಂದು ಕೊಂಡದ್ದು. ಪಾಠವಿಲ್ಲ. ಹಾಳೆ ಇದೆ.

20 ಜೂನ್, ಶುಕ್ರವಾರ

ಶುಕ್ರವಾರ ಶೆಡ್ಡಿಗೆ ರಜೆ. ಗಾವಡಗೆರೆಯಿಂದ ಚಿಕ್ಕಬಸಪ್ಪನವರು ಬಸ್ಸಿನಲ್ಲಿ ಬಂದರು. ಎಪ್ಪತ್ತಮೂರು ವರ್ಷ, ಎರಡೂ ಕಣ್ಣಿಗೆ ಪೊರೆ ತೆಗೆಸಿದೆ. ನಲವತ್ತು ವರ್ಷ ಹುಣಸೂರಿನ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಓಡಿಸಿದವರು, ಅಬ್ಬಾನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಟ್ಯಾಕ್ಸಿ ಚಾಲಕರ ಸಂಘಕ್ಕೆ ಐವತ್ತು ವರ್ಷ ತುಂಬುತ್ತಿದೆ. ನೆನಪಿನ ಸಂಚಿಕೆಗೆ ನಮ್ಮ ಸೀಮೆಯ ಕಾರುಗಳ ಚರಿತ್ರೆ ಬರೆದುಕೊಡಿ ಎಂದು ಕಾರ್ಯದರ್ಶಿ ವೀರಭದ್ರಸ್ವಾಮಿ ನನ್ನನ್ನು ಕೇಳಿದ್ದಾರೆ. ಕಾಲೇಜಿಗೆ ಬೇಡವಾದ ಎಂ.ಎ. ಟ್ಯಾಕ್ಸಿ ಸ್ಟ್ಯಾಂಡಿಗಾದರೂ ಬೇಕಾಯಿತು. ಮಾಹಿತಿಗೆ ಚಿಕ್ಕಬಸಪ್ಪನವರಿಗಿಂತ ದೊಡ್ಡ ಗ್ರಂಥಾಲಯ ಇಲ್ಲ.

"ಬರ್ಕೊ ಕಣವ್ವ. ಮಾರ್ಕ್ ಟೂ ಅಂದ್ರೆ ಬಾಯ್ತುಂಬ ಸಣ್ಣಲ್ಲು, ಜಾಲರಿ ಇದ್ದಂಗೆ ಒತ್ತೊತ್ತಾಗಿ. ಎಪ್ಪತ್ತೈದ್ರಲ್ಲಿ ಮಾರ್ಕ್ ತ್ರೀ ಬಂತು, ಅಲ್ಲು ಅಗಲ ಆಯ್ತು. ಎಪ್ಪತ್ತೊಂಬತ್ರಲ್ಲಿ ಮಾರ್ಕ್ ಫೋರು. ಬಾಯಿ ಚಿಕ್ಕದು, ದೊಡ್ಡ ದೀಪದ ಕೆಳಗೆ ಚೌಕದ್ದು ಇನ್ನೊಂದು ದೀಪ, ಬುಲಾಕು ಇಟ್ಟಂಗೆ."

"ಅಂಬಾಸಿಡರ್ ನೋವಾ, ಮಾಮ?"

"ತೊಂಬತ್ತರ ಆಸುಪಾಸು. ಅದ್ರ ಮೂತಿ ನೋಡಿ ನಮ್ಮತ್ತೆ, ಏನಪ್ಪಾ ಅಳಿಮಯ್ಯ, ನಿನ್ ಗಾಡಿ ಅಲ್ಲು ಕಟ್ಟಿಸ್ಕ ಬಂದೈತಲ್ಲ ಅಂದ್ಲು. ಆಮೇಕೆ ಇಸುಜು ಇಂಜಿನಿಂದು ಬಂತಲ್ಲ, ಅದ್ರಲ್ಲಿ ಗೇರು ನೆಲಕ್ಕಿಳೀತು. ಅಲ್ಲೀಗಂಟ ಸ್ಟೇರಿಂಗ್ ಪಕ್ಕ ಇತ್ತು, ಮುಂದ್ಗಡೆ ನನ್ ಸೇರಿ ನಾಕು ಜನ ಕೂರೋರು. ಗೇರು ಇಳಿದು ಇಬ್ಬರ ಜಾಗ ತಿಂತು. ಡ್ರೈವರ್ ತಟ್ಟೆಯಿಂದ ತುತ್ತು ಓಯ್ತು ಅಂತ ಬರಿ."

ಬರೆದೆ. ಆಮೇಲೆ ಶೆಡ್ಡಿನ ಬಾಗಿಲಲ್ಲಿ ಕೂತು ಮೈಸೂರು ರಸ್ತೆಯಲ್ಲಿ ಹೋಗುವ ಕಾರುಗಳ ಮುಖ ನೋಡಿ ಇಸವಿ ಹೇಳುವ ಅವರ ಹಳೆಯ ಆಟ ನಡೆಯಿತು. "ಸ್ವಿಫ್ಟು, ಎರಡನೇ ಮೂತಿ, ಅನ್ನೆರಡು-ಅದಿಮೂರು. ಅದೋ, ಆಲ್ಟೊ, ಮೊದ್ಲುದ್ದು, ಬಂಪರು ಮಾತ್ರ ಹೊಸದು, ಎಲ್ಲೋ ಗುದ್ದವ್ನೆ ಬಡ್ಡೈದ." ನಾನು ಫೋನಿನಲ್ಲಿ ನಂಬರು ಹಾಕಿ ನೋಡಿದೆ. ಐದಕ್ಕೆ ಐದೂ ಸರಿ. "ಮುಖ ನೋಡಿ ಜನ್ರ ವಯಸ್ಸು ತಪ್ತೀನಿ ಕಣವ್ವ, ಗಾಡಿದು ತಪ್ಪಲ್ಲ" ಎಂದು ನಕ್ಕರು.

ಸಂಚಿಕೆಗೆ ಅಬ್ಬಾನ, ಅಂದರೆ ಊರಿನವರ ರಜಾಕ್ ಸಾಬರ, ಎರಡು ಪದ್ಧತಿಗಳ ಬಗ್ಗೆಯೂ ಬರೆಯಬೇಕು. ಮನೆಯಲ್ಲಿ ನಾವು ಆಡುವುದು ಉರ್ದು. ಶೆಡ್ಡಿನಲ್ಲಿ ಗಿರಾಕಿಯ ಎದುರು ಒಂದು ಮಾತೂ ಉರ್ದುವಿನಲ್ಲಿ ಆಡಬಾರದು. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಎದುರಿನವನಿಗೆ ಅನ್ನಿಸಿದರೆ ಮುಚ್ಚಿಟ್ಟಷ್ಟೇ ಆಯಿತು ಎನ್ನುತ್ತಿದ್ದರು. ಇನ್ನೊಂದು, ಗಾಡಿ ಮಾರುವಾಗ ಆರ್‌.ಸಿ. ಬುಕ್ಕನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸುವುದು. ಆಗ ಕೊಳ್ಳುವ ಬಹಳ ಜನಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ. ಓದುವವಳು ನಾನು, ಒಂಬತ್ತನೇ ವಯಸ್ಸಿನಿಂದ. ನಂಬರು, ಬಣ್ಣ, ಎಷ್ಟನೇ ಯಜಮಾನ, ಕೊನೆಗೆ ತಯಾರಾದ ತಿಂಗಳು, ಇಸವಿ. ಇಸವಿ ಓದಿದ ಮೇಲೆ ಅಬ್ಬಾ ಕೀ ಕೊಡುತ್ತಿದ್ದರು. ಆ ಬಳಿಕ ಯಾರೂ ಬುಕ್ಕು ತೆರೆದು ನೋಡುತ್ತಿರಲಿಲ್ಲ. ನೋಡಿದರೆ ನಮ್ಮ ಮನೆಗೆ ಅವಮಾನ ಮಾಡಿದಂತೆ.

25 ಜೂನ್

ವಿರಾಜಪೇಟೆಯ ಬ್ರೋಕರ್ ಒಬ್ಬ ಕೇರಳದ ಇನ್ನೋವಾ ತಂದು ಖಲೀಲನಿಗೆ ಕೊಟ್ಟಿದ್ದಾನೆ. 2007ರದು. ಇಲ್ಲಿಯ ಹೊಸ ನಂಬರು ಮಾಡಿಸಿ ಆಗಿದೆ. ಈಗ ಮುಖ ಬಿಚ್ಚಿದ್ದಾರೆ. ಬಾನೆಟ್ಟು, ದೀಪ, ಬಂಪರು, ಗ್ರಿಲ್ಲು ಎಲ್ಲ ತೆಗೆದ ಕಾರು ಹಲ್ಲುಸೆಟ್ಟು ತೆಗೆದಿಟ್ಟ ಮುದುಕನಂತೆ ಬಾಯಿ ಬಿಟ್ಟುಕೊಂಡು ನಿಂತಿದೆ. ಟಿಂಕರಿಂಗ್ ಚಲುವಯ್ಯ ಹೊಸ ಬಾನೆಟ್ಟಿನ ಅಂಚು ಬಡಿಯುತ್ತಿದ್ದ.

"ಇನ್ನೋವಾಕ್ಕೆ ನಾಲ್ಕು ಮೂತಿ ಆಪಾ, ಬರ್ಕೊ ನಿನ್ನ ಚರಿತ್ರೇಲಿ" ಎಂದ ಖಲೀಲ. "ಎರಡು ಸಾವಿರದ ಐದು, ಒಂಬತ್ತು, ಹನ್ನೆರಡು, ಆಮೇಲೆ ಹದಿನಾಲ್ಕರ ಸುಮಾರಿಂದು. ಮೈ ಎಲ್ಲ ಒಂದೇ. ಇದಕ್ಕೆ ನಾಲ್ಕನೇದು ಕೂರಿಸಿದ್ರೆ ಏಳು ವರ್ಷ ಚಿಕ್ಕದಾಗುತ್ತೆ. ಡ್ಯಾಶ್‌ಬೋರ್ಡೂ ಬದಲಾಯಿಸ್ತಿದೀನಿ."

"ಯಾರಿಗೆ ಮೋಸ ಮಾಡೋಕೆ?"

"ಶುರುವಾಯ್ತು ಪಾಠ. ಅಬ್ಬಾ ಮಾಡಿರಲಿಲ್ವಾ? ಬಸಪ್ಪ ಮಾಮನ ಮಾರ್ಕ್ ಟೂಗೆ ಮಾರ್ಕ್ ಫೋರ್ ಮೂತಿ ಕೂರಿಸಿದ್ದು ಯಾರು?"

"ಅದನ್ನ ಮಾರುವಾಗ ಇಸವಿ ಓದಿದ್ದು ನಾನು."

"ಇದಕ್ಕೂ ನೀನೇ ಓದು, ಯಾರು ಬೇಡ ಅಂದ್ರು?"

ಜನಕ್ಕೆ ಮುಖ ಸಾಕು. ಒಳಗಿನ ಇಂಜಿನ್ನು ಯಾವ ಕಾಲದ್ದು ಎಂದು ಕೇಳುವವರಿಲ್ಲ. ನಾನು ಹೀಗೆಂದಾಗ ಅಫ್ರೀನ್ ನನ್ನ ತಲೆ ನೋಡಿ, ನೀವೂ ಸ್ವಲ್ಪ ಕಪ್ಪು ಹಚ್ಚಿಕೊಂಡರೆ ಹತ್ತು ವರ್ಷ ಕಡಿಮೆ ಕಾಣುತ್ತೀರಿ ಎಂದಳು. ಹಚ್ಚಿದರೆ ಕಾಲೇಜಿನವರು ಕರೆಯುತ್ತಾರಾ ಎಂದು ಕೇಳಿದೆ. ಯಾರೂ ನಗಲಿಲ್ಲ.

ಆಫೀಸು ರೂಮು ಕೇಳಿದೆ. ಪುಸ್ತಕ ಇಡಲು, ಕೂತು ಬರೆಯಲು. ಖಲೀಲ, "ನೋಡೋಣ ಆಪಾ" ಎಂದ. ನಾಲ್ಕು ವರ್ಷದಿಂದ ನೋಡುತ್ತಿದ್ದಾನೆ.

27 ಜೂನ್, ಶುಕ್ರವಾರ

ಮಾರುತಿ 800 ಬರೆದೆ. 1983ರ ಕೊನೆಗೆ ಬಂದದ್ದು ಬೆಂಕಿಪೊಟ್ಟಣದಂತೆ ಮೂಲೆ ಮೂಲೆ. 1986ರಲ್ಲಿ ಮೈ ಬದಲಾಯಿತು. 1997ರಲ್ಲಿ ಮೂತಿ ದುಂಡಗಾಯಿತು. 2014ರಲ್ಲಿ ನಿಂತಿತು.

ಬರೆಯುತ್ತಾ ಗೊತ್ತಾಯಿತು, ನನ್ನನ್ನು ನೋಡಲು ಬಂದವರನ್ನೂ ನಾನು ಕಾರಿನ ಮೇಲೇ ನೆನಪಿಟ್ಟಿದ್ದೇನೆ. ಮೊದಲು ಪಿರಿಯಾಪಟ್ಟಣದ ಮರದ ವ್ಯಾಪಾರಿಗಳು, ಬಾಡಿಗೆಯ ನೋವಾದಲ್ಲಿ. ಆಮೇಲೆ ಕೆ.ಆರ್. ನಗರದವರು, ಸ್ವಂತ ಮಾರುತಿ, ದುಂಡು ಮೂತಿಯದು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಹುಡುಗಿ ಎಂ.ಎ. ಓದಿರುವುದು ಕನ್ನಡವನ್ನೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಹೋದರು. ಎಚ್.ಡಿ. ಕೋಟೆಯವರು ಕ್ವಾಲಿಸ್‌ನಲ್ಲಿ ಒಂಬತ್ತು ಜನ ಬಂದು ಹತ್ತೊಂಬತ್ತು ಸಮೋಸ ತಿಂದು, ಹುಡುಗನಿಗಿಂತ ಓದು ಜಾಸ್ತಿಯಾಯಿತು ಎಂದರು. ಇನ್ನೋವಾ ಬಂದದ್ದು 2005ರಲ್ಲಿ. ಇನ್ನೋವಾದಲ್ಲಿ ನನ್ನನ್ನು ನೋಡಲು ಯಾರೂ ಬರಲಿಲ್ಲ.

ಸಂಜೆ ಚಿಕ್ಕಬಸಪ್ಪನವರು ಹೇಳಿದ ಸುದ್ದಿ. ಅವರ ಮಗ ಸಿದ್ದರಾಜು ತೀರಿಕೊಂಡು ಆರು ವರ್ಷ. ಸೊಸೆ ಭಾವನಾ ಅವನ ಓಮ್ನಿಯನ್ನೇ ಓಡಿಸುತ್ತ, ಹನಗೋಡಿನ ಕಡೆಯ ಶಾಲೆಗಳಿಗೆ ಮೇಷ್ಟ್ರುಗಳನ್ನು ಬಿಟ್ಟುಬರುತ್ತಾಳೆ. ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿನಿ. ಎಚ್.ಡಿ. ಕೋಟೆಯ ಹಿನ್ನೀರಿನ ಹತ್ತಿರದ ಒಂದು ರೆಸಾರ್ಟಿನವರು, ಹೆಂಗಸರು ಮಕ್ಕಳ ಜೊತೆ ಬರುವ ಅತಿಥಿಗಳಿಗೆ ಹೆಂಗಸೇ ಡ್ರೈವರ್ ಬೇಕು ಎಂದು ಅವಳನ್ನು ಕರೆದಿದ್ದಾರೆ. ವರ್ಷಪೂರ್ತಿ ಕೆಲಸ. ಒಂದೇ ಷರತ್ತು.

"ದೊಡ್ಡ ಗಾಡಿ ಇರಬೇಕಂತೆ. ಅದಿನೈದು ವರ್ಸ ದಾಟಿರಬಾರ್ದಂತೆ. ಓಮ್ನಿ ಮಾರಿ, ಅವಳ ಬಳೆ ಸೇರಿಸಿ ನೋಡ್ತಾ ಇವ್ನಿ. ಇದೊಂದು ಕೂಡ್ಕೊಂಡ್ರೆ ಸಿದ್ದರಾಜನ ಎಂಡ್ತಿ ಯಾರ್ ಮುಂದ್ಲೂ ಕೈ ಚಾಚಂಗಿಲ್ಲ ಕಣವ್ವ."

6 ಜುಲೈ, ಭಾನುವಾರ

ಬೆಳಿಗ್ಗೆ ಮೋಡ. ಶೆಡ್ಡಿನೊಳಗೆ ಬೆಳಕು ಕಡಿಮೆ ಇತ್ತು.

ಚಿಕ್ಕಬಸಪ್ಪನವರು ಬಂದಾಗ ಇನ್ನೋವಾ ತೊಳೆದು ನಿಲ್ಲಿಸಿತ್ತು, ಬಿಳಿ. ಅವರು ಸುತ್ತ ಬರಲೇ ಇಲ್ಲ. ಎದುರು ನಿಂತು, ಕೈ ಹಿಂದೆ ಕಟ್ಟಿಕೊಂಡು ಅದರ ಮುಖ ನೋಡಿದರು. "ನಾಲ್ಕನೇ ಮೂತಿ. ಅದಿನಾಲ್ಕು. ಅಲ್ವೇನ್ಲಾ ಖಲೀಲ?" ಎಂದರು. ಖಲೀಲ, "ನಿಮ್ಮ ಕಣ್ಣಿಗೆ ನಾನೇನು ಹೇಳಲಿ ಮಾಮ" ಎಂದ. ಸುಳ್ಳು ಹೇಳಲಿಲ್ಲ. ನಾನು ಗಮನಿಸಿದೆ, ಅವನು ಸುಳ್ಳು ಹೇಳಲಿಲ್ಲ.

ಭಾವನಾ ಬಂದಿರಲಿಲ್ಲ, ಓಮ್ನಿ ಕೊಳ್ಳುವವರ ಜೊತೆ ಹೋಗಿದ್ದಳು. "ಓದವ್ವ" ಎಂದು ಚಿಕ್ಕಬಸಪ್ಪನವರು ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿದರು. ಅಬ್ಬಾನ ಕಾಲದಲ್ಲೂ ಹೀಗೇ ಕೂರುತ್ತಿದ್ದರು. ಈಗ ಬುಕ್ಕಿಲ್ಲ, ಕಾರ್ಡು. ಅಕ್ಷರ ಸಾಸಿವೆಯಷ್ಟು. ನಂಬರು ಓದಿದೆ. ಬಣ್ಣ ಓದಿದೆ. ಡೀಸೆಲ್ಲು, ಎಂಟು ಸೀಟು ಓದಿದೆ. ಆಗ ಖಲೀಲ ಚಕ್ರ ನೋಡುವವನಂತೆ ಬಗ್ಗಿ, ಮೆಲ್ಲಗೆ ಉರ್ದುವಿನಲ್ಲಿ, "ಆಪಾ, ಸಾಲ್ ನಕ್ಕೋ ಪಡೋ" ಎಂದ. ಇಸವಿ ಓದಬೇಡ. ಅದರ ಬೆನ್ನಿಗೇ, ರೂಮಿನಿಂದ ಬಂಪರು ತೆಗೆಸುತ್ತೇನೆ ಎಂದ. ಅದೂ ಉರ್ದುವಿನಲ್ಲೇ.

ಅಬ್ಬಾ ಇದ್ದಿದ್ದರೆ ಗಿರಾಕಿಯ ಎದುರು ಉರ್ದು ಆಡಿದ್ದಕ್ಕೇ ಸ್ಪ್ಯಾನರ್ ಎಸೆಯುತ್ತಿದ್ದರು.

ಚಿಕ್ಕಬಸಪ್ಪನವರು ಕಾದರು. ತುಸು ಹೊತ್ತಾದ ಮೇಲೆ ತಲೆಯೆತ್ತಿ ನನ್ನನ್ನು ನೋಡಿ, "ಆಯ್ತೇನವ್ವ?" ಎಂದರು. ಆಯಿತು ಎಂದೆ. ಖಲೀಲ ಕೀ ಕೊಟ್ಟ. ಹೆಸರು ಬದಲಾಯಿಸಲು ಬೇಕು ಎಂದು ಕಾರ್ಡನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡ.

ಬೆಳಕು ನಿಜಕ್ಕೂ ಕಡಿಮೆ ಇತ್ತು.

8 ಜುಲೈ

ಬಡಗಿ ನಟರಾಜು ಬಂದು ಅಳತೆ ತೆಗೆದುಕೊಂಡ. ಎರಡು ಗೋಡೆಗೆ ಕಪಾಟು, ಕಿಟಕಿಯ ಕೆಳಗೆ ಮೇಜು. "ಎಷ್ಟು ಪುಸ್ತಕ ಮೇಡಂ?" ಎಂದ. ಹನ್ನೊಂದು ಚೀಲ ಎಂದೆ. "ಹೊಗೆಸೊಪ್ಪಾ?" ಎಂದು ನಕ್ಕ. ನಾನೂ ನಕ್ಕೆ. ಎಷ್ಟು ದಿನವಾಗಿತ್ತು.

ಹತ್ತಿರದ ಮರದ ಡಿಪೋಕ್ಕೆ ನಾನೇ ಹೋಗಿ ಹಲಗೆ ಆರಿಸಿದೆ. ರೂಮಿಗೆ ತಿಳಿನೀಲಿ ಬಣ್ಣ ಹೊಡೆಸಿದ ಖಲೀಲ, ಕೇಳದೆಯೇ. ಎಷ್ಟಾದರೂ ತಮ್ಮ. ಚಿಕ್ಕವನಿದ್ದಾಗ ನನ್ನ ಹೆಗಲ ಮೇಲೆ ಕೂತು ಲಕ್ಷ್ಮಣತೀರ್ಥದ ತುಂಬುನೀರು ನೋಡುತ್ತಿದ್ದವನು. ಅವನ ಬಗ್ಗೆ ಈ ನೋಟುಬುಕ್ಕಿನಲ್ಲಿ ಕಟುವಾಗಿ ಬರೆದದ್ದು ಹೆಚ್ಚಾಯಿತು ಅನ್ನಿಸುತ್ತದೆ. ವಾಹನದ ವ್ಯವಹಾರ ಅವನಿಗೆ ಗೊತ್ತು, ನನಗೇನು ಗೊತ್ತು?

12 ಜುಲೈ

ಕಪಾಟು ಸಿದ್ಧ. ಪುಸ್ತಕಗಳನ್ನು ಬಿಸಿಲಿಗೆ ಹರಡಿ, ಒರೆಸಿ, ಜೋಡಿಸಿದೆ. ಹೊಗೆಸೊಪ್ಪಿನ ವಾಸನೆ ಇನ್ನೂ ಇದೆ, ಹೋಗುತ್ತದೆ. ಮಧ್ಯಾಹ್ನ ಬೇವಿನ ನೆರಳು ಮೇಜಿನ ಮೇಲೆ ಬಿತ್ತು. ಕವಿತೆ ಓದಲು ಬೇಕಾದದ್ದು ಇಷ್ಟೇ. ಒಂದು ಕಿಟಕಿ, ಯಾರೂ ಕರೆಯದ ಒಂದು ಗಂಟೆ.

ಲೇಖನ ಮುಗಿಸಿ ವೀರಭದ್ರಸ್ವಾಮಿಗೆ ಕಳಿಸಿದೆ. ಕೊನೆಯ ಸಾಲು ಚೆನ್ನಾಗಿ ಬಂದಿದೆ: "ರಜಾಕ್ ಸಾಬರ ಶೆಡ್ಡಿನಲ್ಲಿ ಕೀ ಕೊಡುವ ಮೊದಲು ಇಸವಿ ಓದುವ ಪದ್ಧತಿ ಇಂದಿಗೂ ಮುಂದುವರಿದಿದೆ." ಅವರು ಫೋನು ಮಾಡಿ, ಓದುತ್ತ ಕಣ್ಣು ತುಂಬಿತು ಎಂದರು.

18 ಜುಲೈ, ಶುಕ್ರವಾರ

ಚಿಕ್ಕಬಸಪ್ಪನವರು ಈ ವಾರವೂ ಬರಲಿಲ್ಲ. ಕಳೆದ ವಾರವೂ ಇಲ್ಲ. ಮಳೆಗೆ ಮಂಡಿನೋವು ಇರಬಹುದು.

ಭಾವನಾ ಬಂದಿದ್ದಳು, ಅದೇ ಬಿಳಿ ಗಾಡಿಯಲ್ಲಿ. ಕಿಟಕಿಯ ಹತ್ತಿರವೇ ನಿಲ್ಲಿಸಿ ಹಾರ್ನ್ ಮಾಡಿದಳು. ಮೈಸೂರುಪಾಕಿನ ಪೊಟ್ಟಣ ಕೊಟ್ಟು, "ಮೇಡಂ, ಒಂದನೇ ತಾರೀಕಿಂದ ಡ್ಯೂಟಿ. ಇಪ್ಪತ್ತೆಂಟಕ್ಕೆ ಪೇಪರ್ಸು ತೋರಿಸಬೇಕು. ಖಲೀಲಣ್ಣ ಕಾರ್ಡು ಕೊಟ್ಟುಬಿಟ್ರೆ ಆಯ್ತು" ಎಂದಳು. ರೂಮು ನೋಡಿ, "ಅಬ್ಬ, ಲೈಬ್ರರಿ ಥರಾನೇ ಇದೆ. ಕ್ಲಾಸಲ್ಲಿ ನೀವು ಒಂದು ಪದ್ಯ ಓದಿ ಆಮೇಲೆ ಸುಮ್ನೆ ನಿಂತ್ಕೋತಿದ್ರಿ, ನೆನಪಿದೆಯಾ? ನಂಗೆ ಪದ್ಯ ಮರೆತೋಯ್ತು, ನೀವು ಸುಮ್ನಿದ್ದಿದ್ದು ನೆನಪಿದೆ" ಎಂದಳು.

ಒಳ್ಳೆಯ ಹುಡುಗಿ. ಮೈಸೂರುಪಾಕು ಸ್ವಲ್ಪ ಗಟ್ಟಿ.

29 ಜುಲೈ

ಭಾವನಾ ಹನ್ನೊಂದು ಗಂಟೆಗೆ ಬಂದಳು. ಹಾರ್ನ್ ಮಾಡಲಿಲ್ಲ. ಖಲೀಲ ಬಿಡಿಭಾಗ ತರಲು ಮೈಸೂರಿಗೆ ಹೋಗಿದ್ದ.

"ಮೇಡಂ, ರೆಸಾರ್ಟಿನ ಮ್ಯಾನೇಜರ್ ಕಾರ್ಡು ನೋಡಿ, ಇದು ಎರಡು ಸಾವಿರದ ಏಳು ಅಂದ್ರು. ನಾನು ಜಗಳಾನೇ ಮಾಡ್ದೆ. ನಮ್ಮ ಮಾವನ ಕಣ್ಣು ನಿಮಗೆ ಗೊತ್ತಿಲ್ಲ ಸಾರ್ ಅಂದೆ. ಅವರು ಕಾರ್ಡು ತಿರುಗಿಸಿ ನನ್ನ ಕೈಗೆ ಕೊಟ್ರು." ಅವಳು ಅಳುತ್ತಿರಲಿಲ್ಲ. "ಬೇರೆಯವರನ್ನ ತಗೊಂಡಾಯ್ತು ಅಂತೆ. ಓಮ್ನೀನೂ ಇಲ್ಲ. ಮೇಷ್ಟ್ರುಗಳೂ ಬೇರೆ ವ್ಯಾನ್ ಹಿಡಿದ್ರು."

ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

"ಫೋನಲ್ಲಿ ನಂಬರ್ ಹಾಕಿ ನೋಡೋಕೆ ಎರಡು ನಿಮಿಷ ಸಾಕಿತ್ತು. ನೋಡಿದ್ರೆ ಮಾವಂಗೆ ಅವಮಾನ ಅಂತ ನೋಡ್ಲಿಲ್ಲ. ಮಾವ ನಿನ್ನೆಯಿಂದ ಜಗುಲಿ ಬಿಟ್ಟು ಎದ್ದಿಲ್ಲ. ರಸ್ತೇಲಿ ಗಾಡಿ ಬಂದ್ರೆ ಮುಖ ತಿರುಗಿಸ್ಕೋತಾರೆ. ಕೇಳಿದ್ರೆ ಒಂದೇ ಮಾತು. ಯಾಸ್ಮಿನಮ್ಮ ಓದಿದ್ಲು, ನಂಗೇ ಕಿವಿ ಸರಿಯಾಗಿ ಕೇಳ್ನಿಲ್ಲ ಅಂತಾರೆ. ಅವರ ಕಿವಿ ಚೆನ್ನಾಗೇ ಇದೆ ಮೇಡಂ. ಅದಕ್ಕೇ ಕೇಳೋಣ ಅಂತ ಬಂದೆ. ಬೇರೇನೂ ಬೇಡ. ಆವತ್ತು ಇಸವಿ ಓದಿದ್ರಾ, ಇಲ್ವಾ?"

ಓದಿದ್ದೆ ಎಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಕಪಾಟು ನೋಡಿದಳು. "ಸರಿ ಮೇಡಂ" ಎಂದು ಹೋದಳು.

30 ಜುಲೈ

ವಾರ್ನಿಷ್ ವಾಸನೆಗೆ ತಲೆನೋವು. ಓದಲಾಗಲಿಲ್ಲ.

3 ಆಗಸ್ಟ್

ಖಲೀಲ ಹೇಳುವುದರಲ್ಲೂ ನ್ಯಾಯವಿದೆ. ಇಂಜಿನ್ನು ಗಟ್ಟಿಯಿದೆ, ಇನ್ನೂ ಎಷ್ಟೋ ವರ್ಷ ಓಡುತ್ತದೆ. ಆ ರೆಸಾರ್ಟಿನವರ ಷರತ್ತೇ ವಿಚಿತ್ರ. ಕೊಳ್ಳುವವರು ವಿಚಾರಿಸಬೇಕು. ಓದಿ ಹೇಳುವುದು ನಮ್ಮ ಉಪಕಾರವೇ ಹೊರತು ಕರ್ತವ್ಯವೇನಲ್ಲ. ಹತ್ತೊಂಬತ್ತು ವರ್ಷ ಓದಿ ಹೇಳಿದ್ದಕ್ಕೆ ನನಗೆ ಸಿಕ್ಕಿದ್ದೇನು? ಪಟ್ಟಿ ಅಂಟಿಸುವ ಮುಂಚೆ ಯಾರಾದರೂ ನನ್ನನ್ನು ಕೂರಿಸಿ ಅದನ್ನು ಓದಿ ಹೇಳಿದರೇ?

ಖಲೀಲನಿಗೆ, ಗಾಡಿ ವಾಪಸ್ ತಗೋ ಎಂದು ಒಂದು ಸಲ ಹೇಳಿದೆ. "ಆಯ್ತು, ನಿನ್ನ ಕಪಾಟೂ ಬಿಚ್ಚಿಸಿ ಕೊಡ್ತೀಯಾ?" ಎಂದ. ತಮಾಷೆಗೆ ಅಂದನೋ ಏನೋ. ನಾನು ಆ ಮಾತು ಬೆಳೆಸಲಿಲ್ಲ.

ಅಚ್ಚಾದ ಸಂಚಿಕೆ ಬಂದಿದೆ. ನನ್ನ ಲೇಖನಕ್ಕೆ ಮೊದಲ ಜಾಗ. ತೆರೆದು ನೋಡಿಲ್ಲ.

8 ಆಗಸ್ಟ್, ಶುಕ್ರವಾರ

ಇದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹತ್ತು ಗಂಟೆಗೆ ಬಿಳಿ ಇನ್ನೋವಾ ಬಂದು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿತು. ಭಾವನಾ ಓಡಿಸುತ್ತಿದ್ದಳು. ಪಕ್ಕದಲ್ಲಿ ಚಿಕ್ಕಬಸಪ್ಪನವರು, ಒಗೆದ ಬಿಳಿ ಅಂಗಿ, ಪಂಚೆ, ಹಣೆಗೆ ವಿಭೂತಿ. ಯಾವುದೋ ಮದುವೆಗೆ ಹೊರಟವರಂತೆ. ಖಲೀಲ ನಮಾಜಿಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ನಿಂತಿದ್ದ. ಚಲುವಯ್ಯ ರಜೆಯ ದಿನವಾದರೂ ಯಾವುದೋ ಬಾಗಿಲು ಮುಗಿಸಲು ಬಂದಿದ್ದ.

"ಬನ್ನಿ ಮಾಮ, ಟೀ ತರಿಸ್ತೀನಿ" ಎಂದ ಖಲೀಲ.

"ಟೀ ಆಮೇಕೆ ಕುಡಿಯುವ ಕಣ್ಲಾ." ಅವರು ಸ್ಟೂಲು ಎಳೆದುಕೊಂಡು, ಆವತ್ತು ಕೂತಿದ್ದ ಜಾಗದಲ್ಲೇ ಕೂತರು. ಒಳಜೇಬಿನಿಂದ ಕಾರ್ಡು ತೆಗೆದು ನನ್ನ ಕಡೆ ಚಾಚಿದರು. ನಾನು ರೂಮಿನ ಬಾಗಿಲಲ್ಲಿದ್ದೆ.

"ಬಾರವ್ವ. ಆವತ್ತು ಒಂದು ಸಾಲು ಉಳ್ಕೊಂಡಿತ್ತು."

"ಮಾಮ, ಅದು ಮುಗಿದೋದ ವ್ಯವಹಾರ" ಎಂದು ಖಲೀಲ ಮುಂದೆ ಬಂದ.

"ನೀನ್ ಸುಮ್ಕಿರ್ಲಾ. ನಿಮ್ಮಪ್ಪನ ತಾವ ನಾನು ವ್ಯವಹಾರ ಮಾಡುವಾಗ ನೀನಿನ್ನೂ ಚಡ್ಡಿ ಆಕ್ತಿರ್ನಿಲ್ಲ." ಚಲುವಯ್ಯ ಸುತ್ತಿಗೆ ಕೆಳಗಿಟ್ಟ. ಚಿಕ್ಕಬಸಪ್ಪನವರು ನನ್ನನ್ನು ನೋಡಿ, ತಗ್ಗಿದ ದನಿಯಲ್ಲಿ, ಶುದ್ಧವಾಗಿ ನಮ್ಮ ಮನೆಯ ಉರ್ದುವಿನಲ್ಲಿ, "ಅಬ್ ಪಡೋ ಬೇಟಿ. ಸಾಲ್ ಭೀ ಪಡೋ" ಎಂದರು.

ಈಗ ಓದು ಮಗಳೇ. ಇಸವಿಯನ್ನೂ ಓದು.

ಖಲೀಲ ಒಂದು ಹೆಜ್ಜೆ ಹಿಂದೆ ಸರಿದ.

"ಮೂವತ್ತು ವರ್ಸ ಈ ಸ್ಟೂಲ್ ಮ್ಯಾಲೆ ಕೂತಿವ್ನಿ ಕಣವ್ವ" ಎಂದು ಮತ್ತೆ ಕನ್ನಡಕ್ಕೆ ಬಂದರು. "ರಜಾಕ್ ಸಾಬ್ರು ಒಳಮನೇಲಿ ನಿಮ್ಮಮ್ಮನ್ನ ಬೈಯೋದು, ನಿಮ್ಮಮ್ಮ ಸಾಬ್ರನ್ನ ಬೈಯೋದು ಎಲ್ಲಾ ಕೇಳಿ ಕೇಳಿ ಬಂದ್ಬುಟ್ಟೈತೆ. ಸಾಬ್ರಿಗೂ ಗೊತ್ತಿತ್ತು. ನಮ್ ಮುಂದೆ ಕನ್ನಡಾನೇ ಆಡೋರು, ಅದು ಮರ್ವಾದೆ. ಆವತ್ತು ಇವ್ನು ಅಂದಿದ್ದು ನಂಗೆ ಕೇಳುಸ್ತು."

"ಮತ್ಯಾಕೆ ತಗೊಂಡ್ರಿ ಮಾಮ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

"ಒಂದ್ವರ್ಸ ಅತ್ಲಾಗೋ ಇತ್ಲಾಗೋ ಇರಬೌದು, ಅದಕ್ಕೆ ಸಾಬ್ರ ಮಗನ್ನ ಮುಖ ಮುರಿಯಂಗೆ ಏನ್ ಕೇಳಾದು ಅನ್ಕಂಡೆ. ನನ್ ಕಣ್ ಮ್ಯಾಲೂ ಜಂಬ ಇತ್ತು. ನೀನು ಓದ್ತೀಯ ಅಂತ ಕಾದೆ. ನೀನು ಆಯ್ತು ಅಂದೆ. ಏಳು ವರ್ಸ ನುಂಗೀರಾ ಅಂತ ಎಂಗ್ ತಿಳೀಬೇಕು?" ಆಮೇಲೆ ಸೊಸೆಯ ಕಡೆ ತಿರುಗದೆ, "ಮನೇಲಿ ಇವಳಿಗೆ ನನ್ ಕಿವಿ ಕೆಟ್ಟೈತೆ ಅಂದೆ. ರಜಾಕ್ ಸಾಬ್ರ ಮಗಳು ಓದ್ನಿಲ್ಲ ಅಂತ ನನ್ ಬಾಯಲ್ಲಿ ಎಂಗ್ ಏಳ್ಲಿ?" ಎಂದರು.

ಭಾವನಾ ಗಾಡಿಗೆ ಒರಗಿ ನೆಲ ನೋಡುತ್ತಿದ್ದಳು. ಹತ್ತು ದಿನದ ಹಿಂದೆ ನಾನು ಅವಳಿಗೆ, ಓದಿದ್ದೆ ಎಂದು ಹೇಳಿದ್ದು ಅವಳಿಗೂ ನನಗೂ ಮಾತ್ರ ಗೊತ್ತು. ಅವಳು ಅದನ್ನು ಮಾವನಿಗೆ ಹೇಳಿರಲಿಲ್ಲ. ಆ ಮನೆಯಲ್ಲಿ ಇಬ್ಬರೂ ನನ್ನನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದಾರೆ.

ಕಾರ್ಡು ತೆಗೆದುಕೊಂಡೆ. ಓದಿದೆ. ನಂಬರು, ಬಣ್ಣ, ಡೀಸೆಲ್ಲು, ಎಂಟು ಸೀಟು, ಎಷ್ಟನೇ ಯಜಮಾನ. ತಯಾರಾದ ತಿಂಗಳು ಮಾರ್ಚ್. ತಯಾರಾದ ಇಸವಿ ಎರಡು ಸಾವಿರದ ಏಳು. ಅಬ್ಬಾ ಹೇಳಿಕೊಟ್ಟಂತೆ ಇಸವಿಯನ್ನು ಎರಡು ಸಲ ಓದಿದೆ. ಮೋಡ ಆವತ್ತಿಗಿಂತ ದಟ್ಟವಾಗಿತ್ತು. ಅಕ್ಷರ ಚೆನ್ನಾಗಿಯೇ ಕಂಡಿತು.

"ಆಯ್ತೇನವ್ವ?"

"ಆಯ್ತು ಮಾಮ."

ಅವರು ಎದ್ದು ಭಾವನಾಳ ಕೈಯಿಂದ ಕೀ ತೆಗೆದುಕೊಂಡು ನನ್ನ ಅಂಗೈಯಲ್ಲಿ ಇಟ್ಟರು. ಇಸವಿ ಓದಿದ ಮೇಲೆ ಕೀ ಕೈ ಬದಲಿಸಬೇಕು, ನಮ್ಮ ಶೆಡ್ಡಿನ ಪದ್ಧತಿ. ಟೀ ಕುಡಿಯಲಿಲ್ಲ. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು. ದಾರಿಯಲ್ಲಿ ಒಂದು ಕಾರು ಅವರನ್ನು ಹಾದು ಹೋಯಿತು. ಚಿಕ್ಕಬಸಪ್ಪನವರು ತಲೆಯೆತ್ತಿ ಅದರ ಮುಖ ನೋಡಲಿಲ್ಲ.

10 ಆಗಸ್ಟ್

ಖಲೀಲ ಎರಡು ದಿನದಿಂದ ಕೀ ಕೇಳುತ್ತಿದ್ದಾನೆ. ಅವರಿಂದ ತೆಗೆದುಕೊಂಡ ದುಡ್ಡನ್ನು ಗಾವಡಗೆರೆಗೆ ತಲುಪಿಸಿ ಬಾ, ಆಮೇಲೆ ಕೊಡುತ್ತೇನೆ ಎಂದೆ. ಹಾಗಾದರೆ ರೂಮು ಖಾಲಿ ಮಾಡು ಎಂದ. ಅಫ್ರೀನ್ ನಡುವೆ ಬಂದಳು, ಅವಳನ್ನೂ ಬೈದ. ನಿನ್ನೆ ಸಂಜೆ ಚಲುವಯ್ಯ ಬಂದು, "ಅಕ್ಕ, ಅವನು ಬ್ರೋಕರ್‌ಗೆ ಫೋನ್ ಮಾಡ್ತಾವ್ನೆ, ವಾಪಸ್ ತಕೊ ಅಂತಾವ್ನೆ" ಎಂದ. ಇರಬಹುದು. ಕೀ ಇಲ್ಲದೆ ಗಾಡಿ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತೇ ಇದೆ. ಬೇರೆ ಯಾವ ಗಾಡಿಯೂ ಒಳಗೆ ಬರುವಂತಿಲ್ಲ.

ಹನ್ನೊಂದು ಚೀಲ ಮತ್ತೆ ತುಂಬಿದೆ. ಒಬ್ಬಳೇ ಒಂದೊಂದಾಗಿ ಮಹಡಿಗೆ ಹೊತ್ತೆ. ಖಲೀಲನಿಗೆ, ಹೊಸ ಮರಕ್ಕೆ ಹುಳು ಬರುತ್ತದೆ, ಅದಕ್ಕೇ ತೆಗೆದೆ ಎಂದು ಹೇಳಿದೆ. ಯಾಕೆ ಹಾಗೆ ಹೇಳಿದೆನೋ.

ಭಾವನಾಳಿಗೆ ಫೋನು ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿ ಏನೂ ಮಾತಾಡಲಿಲ್ಲ. ಆವತ್ತು ಓದಿರಲಿಲ್ಲ ಎಂದು ಹೇಳಿ, ಅವಳು ಇಡುವ ತನಕ ನಾನೂ ಸುಮ್ಮನೆ ನಿಂತಿದ್ದೆ.